ಹಿಮಖಾನನ ಹೊಸ್ತಿಲಲ್ಲಿ ಮಲಗಿದ ಬುರುಲ್ಸುನ್

ಹಾಲು ಕರೆಯುವಾಗ ಕಥೆ ಹೇಳಿದರೆ ಹಸು ಕಾಲು ಝಾಡಿಸುವುದಿಲ್ಲ ಎಂಬುದು ಬುರುಲ್ಸುನ್ ಅಪಾ ಕಂಡುಕೊಂಡ ಸಂಗತಿ. ನಮ್ಮಲ್ಲಿ ಹಿರಿಯ ಹೆಂಗಸರನ್ನು ಅಪಾ ಎನ್ನುತ್ತೇವೆ. ಸಾಮೂಹಿಕ ಬೇಸಾಯದ ಕಾಲದಲ್ಲಿ ನಮ್ಮೂರಿನ ಹಾಲಿನ ಕೊಟ್ಟಿಗೆಯಲ್ಲಿ ಅವರ ಪಾಲಿಗೆ ಬಂದಿದ್ದ ಒಂದು ಕೆಂಚು ಹಸು ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲವಂತೆ. ಅಪಾ ಅದರ ಹೊಟ್ಟೆಗೆ ಹಣೆ ಒತ್ತಿಕೊಂಡು ಮೆಲ್ಲಗೆ ಹಿಮಖಾನನ ಅರಮನೆಯ ಕಥೆ ಶುರುಮಾಡಿದರು. ಹಸು ಕಿವಿ ಇತ್ತ ತಿರುಗಿಸಿ ನಿಂತಿತು. ಮರುದಿನ ಪಕ್ಕದ ಹಸುವಿನ ಹೆಂಗಸು ತನ್ನ ಸ್ಟೂಲನ್ನು ಈಚೆಗೆ ಎಳೆದುಕೊಂಡಳು. ಕೆಲವೇ ದಿನಗಳಲ್ಲಿ ಹಾಲು ಕರೆಯುವವರೆಲ್ಲ ಒಂದೇ ಮೂಲೆಗೆ ಬಂದು ಸೇರಿಕೊಂಡರು. ಮೇಲ್ವಿಚಾರಕ ಬಂದು ಕೂಗಾಡಿದ. ಆಮೇಲೆ ಅವನೂ ಒಂದು ಬಕೆಟ್ ಬೋರಲು ಹಾಕಿಕೊಂಡು ಕೂತ.

ಆ ಕಥೆಯೇ ‘ಹಿಮಖಾನನ ಅರಮನೆಯ ಸೊಸೆ’ ಎಂಬ ಕಾದಂಬರಿಯಾಗಿ ನಮ್ಮ ಜಿಲ್ಲಾ ಪತ್ರಿಕೆಯಲ್ಲಿ ಶುಕ್ರವಾರ ಶುಕ್ರವಾರ ಬರತೊಡಗಿತು. ನಾನು ಬರೆಯುವ ಈ ಅಂಕಣಕ್ಕಾಗಿ ಯಾರೂ ಪತ್ರಿಕೆ ಕೊಳ್ಳುವುದಿಲ್ಲ. ಅಪಾ ಅವರ ಪುಟಕ್ಕಾಗಿ ಕೊಳ್ಳುತ್ತಾರೆ. ಅದರ ಬೆನ್ನಿಗೆ ಅಚ್ಚಾಗುವ ನನ್ನ ಕೂಗಾಟ ಬಿಸಿ ರೊಟ್ಟಿ ಸುತ್ತುವುದಕ್ಕೆ ಉಪಯೋಗಕ್ಕೆ ಬರುತ್ತದೆ.

ಕಥೆ ಗೊತ್ತಿಲ್ಲದವರು ನಮ್ಮ ಕಣಿವೆಯಲ್ಲಿ ಇಲ್ಲ. ಆದರೂ ಹೇಳುತ್ತೇನೆ. ಹಿಮನದಿಯ ಮೇಲೊಂದು ಅರಮನೆ. ಅಲ್ಲಿ ಖಾನನ ಸಭೆಯಲ್ಲಿ ಮಂತ್ರಿಗಳ ಜೊತೆಗೆ ದೇವರುಗಳೂ ಕೂರುತ್ತಾರೆ. ಉಪ್ಪಿನ ದೇವರು ಯಾವುದನ್ನೂ ಮರೆಯುವುದಿಲ್ಲ. ಗಾಳಿಯ ದೇವರು ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಮಾರಿಕೊಂಡು ಬದುಕುತ್ತಾನೆ. ಕರಾಕುಲಾಕ್ ಎಂಬ ವಜೀರ ಇವರನ್ನೆಲ್ಲ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತಾನೆ. ಈ ಅರಮನೆಗೆ ಖಾನನ ಹೆಂಡತಿಯಾಗಲೆಂದು ಕುನ್ಸುಲು ಎಂಬ ಹುಡುಗಿಯನ್ನು ಕದ್ದು ತರುತ್ತಾರೆ. ಅವಳು ತಪ್ಪಿಸಿಕೊಳ್ಳಲು ಓಡಿದಾಗ ಖಾನನ ಮುದಿ ತಾಯಿ ಹೊಸ್ತಿಲಿಗೆ ಅಡ್ಡ ಮಲಗುತ್ತಾಳೆ. ಮಲಗಿದ ಮುದುಕಿಯನ್ನು ದಾಟಿದವಳ ಒಲೆ ಏಳು ತಲೆಮಾರು ಉರಿಯಕೂಡದು, ಇದು ದೇವರುಗಳ ಕಟ್ಟಳೆ. ಕುನ್ಸುಲು ದಾಟುವುದಿಲ್ಲ. ಉಳಿಯುತ್ತಾಳೆ. ವಜೀರ ವಿಷ ಬೆರೆಸಿಟ್ಟ ಕುಮಿಸ್, ಎಂದರೆ ಹುಳಿ ಬರಿಸಿದ ಕುದುರೆ ಹಾಲಿನ ಬಟ್ಟಲನ್ನು ವಜೀರನಿಗೇ ಕುಡಿಸುತ್ತಾಳೆ, ಗಾಳಿದೇವರ ಬಾಯಿಗೆ ಬೀಗ ಹಾಕಿಸುತ್ತಾಳೆ, ಖಾನ್ ಅವಳನ್ನು ಕೇಳದೆ ಕುದುರೆ ಹತ್ತುವುದಿಲ್ಲ ಎನ್ನುವ ಮಟ್ಟಕ್ಕೆ ಬೆಳೆಯುತ್ತಾಳೆ. ಅತ್ತೆ ಸತ್ತು ಎಷ್ಟೋ ಕಾಲವಾಗಿದೆ. ಆದರೆ ಹೊಸ್ತಿಲ ಕಲ್ಲಿನಲ್ಲಿ ಆ ದೇಹದ ಗುರುತು ಬೆಚ್ಚಗೆ ಉಳಿದಿದೆ. ಕುನ್ಸುಲು ದಿನಾ ಅದರ ಮುಂದೆ ಬಂದು ನಿಂತು ಹಿಂದಿರುಗುತ್ತಾಳೆ.

“ಯಾವಾಗಮ್ಮ ಆಚೆ ಹೋಗ್ತಾಳೆ ಅವಳು?” ಎಂದು ಜನ ಪತ್ರಿಕೆಗೆ ಫೋನ್ ಮಾಡುತ್ತಿದ್ದರು. ಅದನ್ನೇ ನಾನು ಮನೆಗೆ ಹೋಗಿ ಕೇಳಿದರೆ ಅಪಾ ಕೊಡುತ್ತಿದ್ದ ಉತ್ತರ ಒಂದೇ. “ಹೋಗ್ತಾಳೆ. ಚಹ ಆರಿಹೋಗ್ತಿದೆ, ಮೊದ್ಲು ಕುಡೀರಿ.”

ಹೋಗುತ್ತಿರಲಿಲ್ಲ. ಯಾಕೆ ಹೋಗುತ್ತಿರಲಿಲ್ಲ ಎಂದು ಕೇಳುವಷ್ಟು ಬುದ್ಧಿ ನಮಗೆ ಯಾರಿಗೂ ಇರಲಿಲ್ಲ, ಉತ್ತರ ಎಲ್ಲರಿಗೂ ಗೊತ್ತಿದ್ದರೂ. ಬುರುಲ್ಸುನ್ ಹತ್ತೊಂಬತ್ತರ ಹುಡುಗಿಯಾಗಿದ್ದಾಗ ಶಿಕ್ಷಕಿಯರ ತರಬೇತಿಗೆ ಹೊರಟು ಬಸ್ಸಿಗಾಗಿ ನಿಂತಿದ್ದರು. ಬಸ್ಸಿಗಿಂತ ಮೊದಲು ಒಂದು ಲಾರಿ ಬಂತು. ಅದರಲ್ಲಿದ್ದವರು ಅವರನ್ನು ಎತ್ತಿ ಹಾಕಿಕೊಂಡು ಹೋದರು, ಅವರಲ್ಲಿ ಒಬ್ಬ ಗಂಡನಾದ. ಅವನ ಅಜ್ಜಿ ಹೊಸ್ತಿಲಿಗೆ ಅಡ್ಡ ಮಲಗಿ, ಎರಡೂ ಅಂಗೈಗಳನ್ನು ಮಗುಚಿ ಹಿಂಗೈ ತೋರಿಸುತ್ತಾ ನೋಡಿದಳು. ಅಂಗೈ ಮೇಲೆ ಮಾಡಿ ಹರಸಿ ಮುಖ ಸವರಿಕೊಂಡರೆ ಅದು ಬತಾ, ಆಶೀರ್ವಾದ. ಮಗುಚಿದರೆ ಶಾಪ. ಬುರುಲ್ಸುನ್ ಎತ್ತಿದ ಕಾಲನ್ನು ಕೆಳಗಿಟ್ಟರು. ಗಂಡ ಒಳ್ಳೆಯವನೇ ಆಗಿದ್ದ, ಹೊಡೆಯಲಿಲ್ಲ, ಕುಡಿಯಲಿಲ್ಲ. ಹುಡುಗಿಯನ್ನು ಕದ್ದು ತಂದು ಮದುವೆಯಾಗುವ ಈ ಪದ್ಧತಿಯ ಅತಿದೊಡ್ಡ ಮೋಸ ಅದೇ. ಗಂಡ ಒಳ್ಳೆಯವನಾಗಿಬಿಟ್ಟರೆ ಕದ್ದದ್ದು ಕಳವೇ ಅಲ್ಲ ಎಂದು ಊರೆಲ್ಲ ಲೆಕ್ಕ ಚುಕ್ತಾ ಮಾಡುತ್ತದೆ. ಕುರಿ ಕದ್ದವನು ಕುರಿಗೆ ಚೆನ್ನಾಗಿ ಮೇವು ಹಾಕಿದ ಎಂದು ಯಾವ ನ್ಯಾಯಾಧೀಶನಾದರೂ ಬಿಟ್ಟಿದ್ದುಂಟೆ?

ಗಂಡ ತೀರಿಕೊಂಡ ಮೇಲೆ ಅಪಾ ಮಗನ ಮನೆಯಲ್ಲಿದ್ದರು. ಮಗ ರಷ್ಯಾದಲ್ಲಿ ಲಾರಿ ಓಡಿಸುತ್ತಾನೆ. ಮನೆಯಲ್ಲಿದ್ದದ್ದು ಸೊಸೆ ಚಿನಾರಾ ಮತ್ತು ಮೊಮ್ಮಗ ಎರ್ಮೆಕ್. ಎರ್ಮೆಕ್ ನೋಡಲು ಚೆನ್ನಾಗಿದ್ದಾನೆ, ಕಾರು ರಿಪೇರಿ ಬರುತ್ತದೆ, ಅಜ್ಜಿ ಎಂದರೆ ಪ್ರಾಣ. ಕಳೆದ ಮಾರ್ಚಿನಲ್ಲಿ, ಹಿಮ ಕರಗಿ ಓಣಿಯೆಲ್ಲ ಕೆಸರಾಗಿದ್ದ ಒಂದು ಮಧ್ಯಾಹ್ನ, ಅವನು ಗೆಳೆಯರ ಜೊತೆ ಸೇರಿ ಪಕ್ಕದೂರಿನ ಆಯ್ಪೆರಿ ಎಂಬ ಹುಡುಗಿಯನ್ನು ಕಾರಿನಲ್ಲಿ ಎಳೆದು ತಂದ. ಅವಳು ನರ್ಸಿಂಗ್ ಓದುತ್ತಿದ್ದವಳು, ರಜೆಗೆಂದು ಊರಿಗೆ ಬಂದಿದ್ದಳು. ಯಾವುದೋ ಮದುವೆಯಲ್ಲಿ ಇಬ್ಬರೂ ಒಂದು ಸುತ್ತು ಕುಣಿದಿದ್ದರಂತೆ. ಅಷ್ಟೇ ಪರಿಚಯ. ಮುಂದಿನದನ್ನು ಆ ಮನೆಯೊಳಗಿದ್ದ ಹೆಂಗಸರ ಬಾಯಿಂದಲೇ ಕೇಳಿ ಬರೆಯುತ್ತಿದ್ದೇನೆ.

ಅಪಾ ಒಲೆಯ ಬಳಿ ಕೂತಿದ್ದರು. ಗಂಡನ ತಂಗಿ ಸಬಿರಾ ಬಾಗಿಲು ನೂಕಿಕೊಂಡು ಬಂದಳು. ನಮ್ಮಲ್ಲಿ ಅಣ್ಣನ ಹೆಂಡತಿಯನ್ನು ಜೆಂಗೆ ಎನ್ನುತ್ತಾರೆ. ಸಬಿರಾ ಆ ಮಾತನ್ನು ಬಯ್ಗುಳದ ಹಾಗೆ ಹೇಳಬಲ್ಲಳು.

“ಜೆಂಗೆ, ಕೂತ್ಕೊಂಡು ಚಹ ಕುಡೀತಿದೀರಲ್ಲ! ಮೊಮ್ಮಗ ಹುಡುಗಿ ತಂದಿದಾನೆ!”

“ಅಂಗಡಿಯಿಂದ ಸಕ್ಕರೆ ತಂದ ಹಾಗೆ ಹೇಳ್ತೀಯಲ್ಲೇ. ಕೇಳಿ ತಂದ್ನಾ?”

“ನಿಮ್ಮನ್ನ ಯಾರು ಕೇಳಿ ತಂದಿದ್ರು? ಬಾಳ್ಲಿಲ್ವಾ ನೀವು? ಮಕ್ಕಳು ಮರಿ ಆಗ್ಲಿಲ್ವಾ?”

ಅಪಾ ಬಟ್ಟಲು ಕೆಳಗಿಟ್ಟರು. ಪಕ್ಕದ ಕೋಣೆಯಿಂದ ಹುಡುಗಿಯ ಕೂಗು ಕೇಳಿಸುತ್ತಿತ್ತು. ಮದುಮಗಳನ್ನು ಕೂರಿಸುವ ಮೂಲೆಗೆ ಆಗಲೇ ಪರದೆ ಕಟ್ಟಿದ್ದರು. ಅದರೊಳಗೆ ಮೂವರು ಹೆಂಗಸರು ಅವಳ ತಲೆಗೆ ಬಿಳಿ ವಸ್ತ್ರ ಕಟ್ಟಲು ಒದ್ದಾಡುತ್ತಿದ್ದರು. ಅವಳು ಮತ್ತೆ ಮತ್ತೆ ಕಿತ್ತೆಸೆಯುತ್ತಿದ್ದಳು. ಆ ವಸ್ತ್ರ ತಲೆಯ ಮೇಲೆ ನಿಂತರೆ ಮದುವೆ ಆದ ಹಾಗೆ.

“ನಿಮ್ಮ ಎರ್ಮೆಕ್‌ಗೆ ನನ್ನ ಹೆಸರೂ ಗೊತ್ತಿಲ್ಲ!” ಹುಡುಗಿ ಕಿರುಚಿದಳು. “ಕಾರಲ್ಲಿ ದಾರಿ ಉದ್ದಕ್ಕೂ ಆಯ್ಜಾನ್, ಆಯ್ಜಾನ್ ಅಂತಿದ್ದ!”

“ಗಾಬರಿ ಆಗಿತ್ತು ಕಣೇ ಅವನಿಗೆ,” ಎಂದಳು ಒಬ್ಬಳು ಸಮಾಧಾನ ಮಾಡುವ ದನಿಯಲ್ಲಿ. “ಮದುವೆ ಆದ್ಮೇಲೆ ಕಲೀತಾನೆ ಬಿಡು.”

ಆ ಮಾತಿಗೆ ಇನ್ನೊಬ್ಬಳು ನಕ್ಕಳು. ಹೀಗೂ ನಗಬಲ್ಲ ಜನ ನಾವು.

ಚಿನಾರಾ ಬೆವರು ಒರೆಸಿಕೊಳ್ಳುತ್ತಾ ಅಡುಗೆಮನೆಗೆ ಬಂದಳು. “ಅಪಾ, ನನ್ನ ಮಾನ ಉಳಿಸಿ. ಕುರಿ ಕಡಿದಾಯ್ತು. ನೆಂಟರಿಗೆಲ್ಲ ಫೋನ್ ಹೋಗಿದೆ. ಇವಳು ಹೋಗ್ಬಿಟ್ರೆ ನನ್ನ ಮಗನಿಗೆ ಇನ್ಯಾರು ಹುಡುಗಿ ಕೊಡ್ತಾರೆ? ನೀವು ಬಂದು ಹೊಸ್ತಿಲಲ್ಲಿ ಮಲಗಿ. ನಿಮ್ಮನ್ನ ನೋಡಿದ್ರೆ ಅವಳು ದಾಟಲ್ಲ. ಪ್ರತಿ ಶುಕ್ರವಾರ ಅವಳ ಅಜ್ಜಿ ಓದಿಸಿ ಕೇಳ್ತಾಳಂತೆ ನಿಮ್ಮ ಕಥೆನ.”

“ನೀನೂ ಹೀಗೇ ಕಿರುಚಿದ್ದೆ ಚಿನಾರಾ.”

“ಗೊತ್ತು.”

“ನಿನ್ನ ತಲೆಗೆ ಆ ಬಟ್ಟೆ ಕಟ್ಟಿದ್ದು ನಾನು.”

“ಅದೂ ಗೊತ್ತು. ಈಗ ಅದೆಲ್ಲ ಯಾಕೆ, ಬನ್ನಿ.” ಅವಳ ಕಣ್ಣಲ್ಲಿ ನೀರಿತ್ತು. ಮಗನ ಮೇಲಿನ ಪ್ರೀತಿಗೋ, ತನ್ನ ಆ ದಿನ ನೆನಪಾಗಿಯೋ, ಅವಳಿಗೂ ಗೊತ್ತಿರಲಿಲ್ಲ.

ಪರದೆಯ ಆಚೆಯಿಂದ ಸಬಿರಾಳ ದನಿ ಕೇಳಿಸಿತು. “ಏನೇ ಹುಡುಗಿ, ಪೇಪರ್ ಓದಲ್ವಾ? ಮುದುಕಿಯನ್ನ ದಾಟಿದ್ರೆ ಏಳು ತಲೆಮಾರು ಒಲೆ ಉರಿಯಲ್ಲ. ಬರೆದೋರೇ ಈ ಮನೇಲಿದಾರೆ. ಬಂದು ಮಲಗ್ತಾರೆ ಈಗ. ಎಗರ್ತೀಯೋ ನೋಡೋಣ.”

ಹುಡುಗಿಯ ಕಿರುಚಾಟ ನಿಂತುಹೋಯಿತು.

ಆ ಮೌನವೇ ತನ್ನನ್ನು ಎಬ್ಬಿಸಿದ್ದು ಎಂದು ಅಪಾ ಆಮೇಲೆ ನನಗೆ ಹೇಳಿದರು. ಅಷ್ಟು ವರ್ಷ ಹಸುಗಳಿಗೂ ಹೆಂಗಸರಿಗೂ ಹೇಳಿ ಹೇಳಿ, ಮನಸ್ಸಿನ ಭಾರ ಇಳಿಸಿಕೊಳ್ಳಲು ಕಟ್ಟಿದ ಕಥೆ ಇನ್ನೊಬ್ಬಳ ಬಾಗಿಲಿಗೆ ಚಿಲಕವಾಗಿ ನಿಂತಿತ್ತು. ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಅಪಾ ಶಾಪವನ್ನು ನಂಬುತ್ತಿದ್ದರು. ಈಗಲೂ ನಂಬುತ್ತಾರೆ. ಪಟ್ಟಣದ ಓದಿದವರ ಹಾಗೆ “ಅದೆಲ್ಲ ಮೂಢನಂಬಿಕೆ” ಎಂದು ಕೈ ಒದರಿಬಿಡಲು ಅವರಿಂದ ಆಗುವುದಿಲ್ಲ. ತಾನು ಮಲಗದಿದ್ದರೆ ವಯಸ್ಸಿನಲ್ಲಿ ಮುಂದಿನವಳು ಸಬಿರಾ. ಅವಳು ಬಾಯ್ತುಂಬ ಶಾಪ ಇಟ್ಟುಕೊಂಡೇ ಮಲಗುತ್ತಾಳೆ. ಹಿರಿಯಳು ಆ ಜಾಗ ಹಿಡಿದರೆ ಮಾತ್ರ ಕಿರಿಯಳು ಅಲ್ಲಿಗೆ ಬರುವಂತಿಲ್ಲ.

“ಸರಿ,” ಎಂದರು ಅಪಾ. “ಒಂದು ದಿಂಬು ಕೊಡು. ನೆಲ ತಣ್ಣಗಿರುತ್ತೆ.”

ಚಿನಾರಾ ಅವರ ಕೈಗೆ ಮುತ್ತಿಟ್ಟಳು. ಅಂಗಳದಲ್ಲಿ ಮದುವೆಗೆಂದು ಬೂರ್ಸೋಕ್ ಹಿಟ್ಟಿನ ತುಂಡುಗಳನ್ನು ಕರಿಯುತ್ತಿದ್ದ ಹೆಂಗಸರಿಗೆ ಸುದ್ದಿ ಹೋಯಿತು. ಎರ್ಮೆಕ್ ಗೇಟಿನ ಬಳಿಯಿಂದಲೇ, “ನನ್ನ ಅಜ್ಜಿ ಅಂದ್ರೆ ಅಜ್ಜಿ!” ಎಂದು ಗೆಳೆಯರ ಮುಂದೆ ಎದೆ ಉಬ್ಬಿಸಿದ.

ಅಪಾ ಹೋಗಿ ಹೊರಬಾಗಿಲ ಹೊಸ್ತಿಲಿಗೆ ಅಡ್ಡ ಮಲಗಿದರು, ತಲೆಯ ಕೆಳಗೆ ದಿಂಬು, ಮೊಣಕಾಲು ಸ್ವಲ್ಪ ಮಡಿಚಿ. ಮಲಗುವಾಗ ಸೊಂಟ ಹಿಡಿದುಕೊಂಡು “ಅಯ್ಯೋ” ಎಂದರು. ಆಮೇಲೆ ಕರೆದರು.

“ಆ ಹುಡುಗೀನ ಬಿಡಿ. ಇಲ್ಲಿಗೆ ಬರ್ಲಿ. ನೀವೆಲ್ಲ ಒಂದ್ಕಡೆ ಕೂತ್ಕೊಳಿ. ಈ ಶುಕ್ರವಾರದ್ದು ಇವತ್ತೇ ಹೇಳ್ತೀನಿ.”

ಅದನ್ನು ಕೇಳಿ ಹೆಂಗಸರು ನಿಜವಾಗಿಯೂ ಕೂತರು. ಕೈಯಲ್ಲಿ ಹಿಟ್ಟು ಮೆತ್ತಿಕೊಂಡವರೂ ಕಿಟಕಿಯ ಹತ್ತಿರ ಬಂದರು. ಕಥೆ ಎಂದರೆ ಕಥೆಯೇ. ಆಯ್ಪೆರಿ ಪರದೆ ಸರಿಸಿ ಬಂದು ಗೋಡೆಗೆ ಆನಿಕೊಂಡು ನಿಂತಳು. ಕೂದಲು ಕೆದರಿತ್ತು, ಕೋಟಿನ ಒಂದು ಗುಂಡಿ ಕಿತ್ತುಹೋಗಿತ್ತು.

“ಅಪಾ, ಅಲ್ಲಿ ಮಲಗ್ಬೇಡಿ,” ಎಂದಳು. “ದಮ್ಮಯ್ಯ. ನೀವು ಮಲಗಿದ್ರೆ ನಂಗೆ ದಾಟಕ್ಕಾಗಲ್ಲ.”

“ಮೊದ್ಲು ಕೇಳು. ಕುನ್ಸುಲು ಎಲ್ಲಿದ್ಲು?”

ಹುಡುಗಿ ಮೂಗು ಒರೆಸಿಕೊಂಡಳು. ಹೇಳಲೋ ಬೇಡವೋ ಎಂದು ನೋಡಿದಳು. “ಹೊಸ್ತಿಲ ಮುಂದೆ. ಹೋದ ವಾರ ಖಾನ್ ಬೇಟೆಗೆ ಹೋದ. ಉಪ್ಪಿನ ದೇವರು ನಿದ್ದೆ ಮಾಡ್ತಿದ್ದ.”

“ಹಾಂ. ಅವತ್ತು ಅವಳು ಕಲ್ಲಿನ ಮೇಲೆ ಕೈ ಇಟ್ಟು ನೋಡಿದ್ಲು. ಬೆಚ್ಚಗಿತ್ತು. ‘ಎನೆ, ಅಮ್ಮಾ, ಇನ್ನೂ ಎಷ್ಟು ದಿನ ಅಡ್ಡ ಮಲಗಿರ್ತೀಯಾ?’ ಅಂತ ಕೇಳಿದ್ಲು. ಯಾರೂ ಇಷ್ಟು ದಿನ ಆ ಮುದುಕಿಯನ್ನ ಮಾತಾಡ್ಸೇ ಇರ್ಲಿಲ್ಲ ನೋಡು. ಕಲ್ಲು ಮಾತಾಡ್ತು. ‘ನಾನೂ ಕದ್ದು ತಂದವಳೇ ಮಗಳೇ. ನಂಗೂ ಒಬ್ಳು ಅಡ್ಡ ಮಲಗಿದ್ಲು. ಅವಳು ಎದ್ದ ಜಾಗದಲ್ಲಿ ನಾನು ಮಲಗಿದೆ. ಏಳು ತಲೆಮಾರಿನ ಕಟ್ಟಳೆ ದೇವರು ಮಾಡಿದ್ದಲ್ಲ. ಕರಾಕುಲಾಕ್‌ನ ತಾತ ಬರೆದು ದೇವರ ಬಾಯಿಗೆ ಹಾಕಿದ್ದು. ದೇವರು ಆವತ್ತು ಕುಡಿದಿದ್ರು.’”

ಕಿಟಕಿಯ ಬಳಿ ಯಾರೋ ಕಿಸಕ್ಕೆಂದರು.

“‘ಶಾಪ ದಾಟೋ ಕಾಲಲ್ಲಿ ಇರಲ್ಲ. ಮಲಗಿರೋಳ ಕೈಯಲ್ಲಿರುತ್ತೆ. ನನ್ನ ಕೈ ಮಗುಚಿಟ್ಕೊಂಡು ನೋಯ್ತಾ ಇದೆ. ಯಾರಾದ್ರೂ ದಾಟಿದ್ರೆ ತಿರುಗಿಸ್ಕೋತೀನಿ.’ ಹಾಗಂತು ಕಲ್ಲು.”

“ಜೆಂಗೆ!” ಸಬಿರಾ ಎದ್ದು ನಿಂತಳು. “ಏನು ಹೇಳ್ತಿದೀರಿ ನೀವು?”

“ಕಥೆ ಹೇಳ್ತಿದೀನಿ. ಕೂತ್ಕೋ.”

ಆಯ್ಪೆರಿ ಕಣ್ಣು ಕಿರಿದು ಮಾಡಿ ನೋಡಿದಳು. ಹೆದರಿದ್ದಳು, ಆದರೆ ದಡ್ಡಿಯಲ್ಲ. “ಇದನ್ನ ಮೊದ್ಲೇ ಬರೆದಿದ್ರಾ, ಇಲ್ಲಾ ಈಗ ಕಟ್ಟಿ ಹೇಳ್ತಿದೀರಾ?”

“ಈಗ ಕಟ್ಟಿದ್ದು.”

“ಮತ್ತೆ?”

“ಮೊದ್ಲಿನದನ್ನೂ ನಾನೇ ಕಟ್ಟಿದ್ದು ಕಣೇ. ಅದನ್ನ ನಂಬಿದ್ಯಲ್ಲ, ಇದನ್ನೂ ನಂಬು.”

ಹೀಗೆಂದು ಬುರುಲ್ಸುನ್ ಅಪಾ ಮಲಗಿದ್ದಲ್ಲೇ, ಬೆನ್ನ ಮೇಲೆ, ಎರಡೂ ಕೈ ಎದೆಯ ಮೇಲಕ್ಕೆ ಎತ್ತಿ ಅಂಗೈ ತೆರೆದರು. ನಮ್ಮ ಕಣಿವೆಯಲ್ಲಿ ಬತಾ ಕೊಡುವವರು ಕೂತು ಕೊಡುತ್ತಾರೆ, ಇಲ್ಲವೇ ನಿಂತು. ಹೊಸ್ತಿಲಲ್ಲಿ ಮಲಗಿದವಳು ಬತಾ ಕೊಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. “ನಿನ್ನ ದಾರಿ ಬೆಳಗಲಿ. ನಿನ್ನ ಒಲೆ ನಿನಗೆ ಬೇಕಾದ ಕಡೆ, ನಿನಗೆ ಬೇಕಾದಾಗ ಹೊತ್ತಲಿ. ನನ್ನನ್ನ ದಾಟಿದ್ದಕ್ಕೆ ಏನಾದ್ರೂ ಬಂದ್ರೆ ಅದು ನನಗೇ ಬರ್ಲಿ, ನಾನು ಮುದುಕಿ, ಜಾಗ ಇದೆ. ಓಮಿನ್.” ಕೈಗಳನ್ನು ಮುಖದ ಮೇಲೆ ಸವರಿಕೊಂಡರು. ಕಿಟಕಿಯಾಚೆಯ ಹೆಂಗಸರಲ್ಲಿ ಇಬ್ಬರು ಮೂವರು ಅಭ್ಯಾಸಬಲದಿಂದ ತಾವೂ ಹಿಟ್ಟಿನ ಕೈಯಲ್ಲೇ ಮುಖ ಸವರಿಕೊಂಡರು. ಓಮಿನ್ ಅಂದ ಮೇಲೆ ಮುಗಿಯಿತು. ಅದನ್ನು ವಾಪಸು ತೆಗೆದುಕೊಳ್ಳಲು ಯಾವ ದೇವರಿಂದಲೂ ಆಗುವುದಿಲ್ಲ.

ಆಯ್ಪೆರಿ ಆದರೂ ಕಾಲೆತ್ತಲಿಲ್ಲ. “ನನ್ನ ಬೂಟು ಬಚ್ಚಿಟ್ಟಿದಾರೆ,” ಎಂದಳು ಸಣ್ಣ ದನಿಯಲ್ಲಿ.

“ನನ್ನ ರಬ್ಬರ್ ಗಲೋಶು ಅಲ್ಲಿದೆ, ಹಾಕ್ಕೊ. ಬೇಗ ಕಣೇ, ನನ್ನ ಸೊಂಟ ಹಿಡ್ಕೊಂಡಿದೆ.”

ಅವಳು ದಾಟಿದಳು. ದಾಟುವಾಗ ಕೋಟಿನ ಅಂಚು ಅಪಾ ಅವರ ಮುಖಕ್ಕೆ ತಾಗದ ಹಾಗೆ ಎತ್ತಿ ಹಿಡಿದುಕೊಂಡಳಂತೆ. ಅಪಾ ಇದನ್ನು ಹೇಳುವಾಗ ಪ್ರತಿ ಸಲ ತಮ್ಮ ಅಂಗಿಯ ಅಂಚನ್ನೂ ಹಾಗೇ ಎತ್ತಿ ತೋರಿಸುತ್ತಾರೆ.

ಆಮೇಲೆ ಹುಡುಗಿಯೇ ಬಗ್ಗಿ ಅವರ ಕೈ ಹಿಡಿದು ಎಬ್ಬಿಸಿದಳು. ಎರ್ಮೆಕ್ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದ, ಮುಖ ಕೆಂಪಾಗಿತ್ತು.

“ಅಜ್ಜಿ, ಎಲ್ಲರ ಮುಂದೆ ನನ್ನ ಮುಖಕ್ಕೆ ಮಸಿ ಬಳಿತಿದೀಯಾ?”

“ನಿನ್ನ ಮುಖ ತೊಳೆದವಳೇ ನಾನು. ಮಸಿ ಹತ್ತಿದ್ರೆ ಮತ್ತೆ ತೊಳೀತೀನಿ. ಅವಳ ಹೆಸರೇನು ಹೇಳು.”

ಅವನು ಬಾಯಿ ತೆರೆದ. ಗೆಳೆಯರ ಕಡೆ ನೋಡಿದ. ಅವರು ತಮ್ಮ ಬೂಟುಗಳನ್ನು ನೋಡಿಕೊಳ್ಳುತ್ತಿದ್ದರು.

“ಆಯ್ಪೆರಿ,” ಎಂದಳು ಹುಡುಗಿಯೇ.

ಗೇಟು ತೆರೆಯಿತು. ಅವನೇ ತೆಗೆದನೋ, ಗೆಳೆಯರಲ್ಲಿ ಯಾರಾದರೂ ತೆಗೆದರೋ, ಇದರ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವನೇ ತೆಗೆದ ಎಂದು ಅಪಾ ಹೇಳುತ್ತಾರೆ. ಅಜ್ಜಿಯ ಮಾತನ್ನು ಎಷ್ಟು ನಂಬಬೇಕೋ ಅಷ್ಟು ನಂಬಿ.

ಪಕ್ಕದೂರಿನ ಆಯ್ಪೆರಿಯ ಮನೆಯವರೆಗೂ ಅಪಾ ಮತ್ತು ಹುಡುಗಿ ಇಬ್ಬರೂ ನಡೆದೇ ಹೋದರು. ಗಲೋಶು ಕೊಟ್ಟುಬಿಟ್ಟಿದ್ದ ಅಪಾ ಮೆತ್ತನೆಯ ಚರ್ಮದ ಒಳಬೂಟಿನಲ್ಲೇ ಕೆಸರು ತುಳಿದರು. ಹುಡುಗಿಯನ್ನು ಹೊಸ್ತಿಲು ದಾಟಿಸಿದರೆ ಅರ್ಧ ಕೆಲಸ ಎಂದು ಅವರಿಗೆ ಗೊತ್ತಿತ್ತು. ಇನ್ನೊಂದು ಹೊಸ್ತಿಲು ಅವಳ ತಾಯಿಯದು. ನಮ್ಮಲ್ಲಿ ವಾಪಸು ಬಂದ ಹುಡುಗಿಯನ್ನು ತಬ್ಬಿಕೊಳ್ಳುವ ತಾಯಂದಿರಿಗಿಂತ ಬಾಗಿಲು ಅರ್ಧ ತೆರೆದು “ಜನ ಏನಂತಾರೆ” ಎನ್ನುವ ತಾಯಂದಿರೇ ಹೆಚ್ಚು. ಆ ಜನ ಯಾರು? ನೀವು, ನಾನು. ಈ ಪುಟ ಓದುತ್ತಾ ತಲೆಯಾಡಿಸುತ್ತಿರುವವರು. ಒಂದು ಮಧ್ಯಾಹ್ನ ಬೇರೆಯವರ ಮನೆಯಲ್ಲಿ ಅತ್ತು ಬಂದ ಹುಡುಗಿ ನಮ್ಮ ಕಣ್ಣಿಗೆ ಮೈಲಿಗೆ. ಅವಳನ್ನು ಕೈಕಾಲು ಹಿಡಿದು ಕಾರಿಗೆ ತುರುಕಿದ ನಾಲ್ವರು ಮದುವೆ ಊಟಕ್ಕೆ ಗೌರವದ ಅತಿಥಿಗಳು.

ಆಯ್ಪೆರಿಯ ತಾಯಿಯೂ ಬಾಗಿಲನ್ನು ಅರ್ಧವೇ ತೆರೆದಳು. ಮಗಳನ್ನು ನೋಡಿದಳು, ಕಾಲಿನ ದೊಡ್ಡ ಗಲೋಶು ನೋಡಿದಳು, ಆಮೇಲೆ ಓಣಿಯ ಎರಡೂ ಕಡೆ ನೋಡಿದಳು.

“ಬಿಳಿ ವಸ್ತ್ರ ಕಟ್ಟಿದ್ರಾ?”

“ಕಟ್ಟೋಕೆ ಬಿಡ್ಲಿಲ್ಲ ನಿಮ್ಮ ಮಗಳು,” ಎಂದರು ಅಪಾ. “ನಾನು ಆ ಮನೆಯ ಹಿರಿಯಳು. ನಾನೇ ಅಡ್ಡ ಮಲಗಿದ್ದೆ, ನಾನೇ ದಾಟಿಸ್ದೆ, ಬತಾ ಕೊಟ್ಟಿದೀನಿ. ಯಾರಾದ್ರೂ ಬಾಯಿಬಿಟ್ರೆ ನನ್ನ ಹತ್ರ ಕಳಿಸಿ. ಈಗ ನಂಗೆ ಒಂದ್ ಚೂರು ರೊಟ್ಟಿ ಕೊಡಿ, ಅಷ್ಟು ದೂರ ನಡ್ದು ಬಂದಿದೀನಿ. ನಿಮ್ಮ ಮಗಳ ಕೈಯಲ್ಲಿ ಕೊಡ್ಸಿ.”

ಮಗಳ ಕೈಯಿಂದ ಬಂದ ರೊಟ್ಟಿಯನ್ನು ಬಾಗಿಲಲ್ಲೇ, ಓಣಿಯವರಿಗೆ ಕಾಣುವ ಹಾಗೆ ನಿಂತು, ಅಪಾ ಅವಸರವಿಲ್ಲದೆ ತಿಂದರು. ತಾಯಿ ಬಾಗಿಲನ್ನು ಪೂರ್ತಿ ತೆರೆದಳು. ಮಗಳನ್ನು ಕೋಟಿನ ಸಮೇತ ಎಳೆದು ಎದೆಗೊತ್ತಿಕೊಂಡು, “ಗುಂಡಿ ಎಲ್ಲೇ? ಹೊಸ ಕೋಟು!” ಎಂದು ಬೈಯುತ್ತಾ ಅಳತೊಡಗಿದಳು.

ಮನೆಯಲ್ಲಿ ಅಪಾ ಅವರಿಗೆ ಇನ್ನೂ ಸಲೀಸಿಲ್ಲ. ಸಬಿರಾ ಮಾತು ಬಿಟ್ಟಿದ್ದಾಳೆ, ಅದರಿಂದ ಮನೆ ತಣ್ಣಗಿದೆ ಎಂದು ಅಪಾ ನಗುತ್ತಾರೆ. ಎರ್ಮೆಕ್ ತಂದೆಯ ಬಳಿಗೆ ಹೋಗುತ್ತೇನೆ ಎನ್ನುತ್ತಾನೆ, ಹೋಗುವುದಿಲ್ಲ. ಅಜ್ಜಿ ಎದುರು ಬಂದರೆ ತಲೆ ತಗ್ಗಿಸುತ್ತಾನೆ. ಚಿನಾರಾ ಬಹಳ ದಿನ ಮುಖ ಕೊಟ್ಟು ಮಾತಾಡಲಿಲ್ಲ. ಒಂದು ಸಂಜೆ ಶೊರ್ಪೊ ಎಂಬ ಮಾಂಸದ ಸಾರು ಬಡಿಸುತ್ತಾ ಇದ್ದಕ್ಕಿದ್ದ ಹಾಗೆ ಕೇಳಿದಳಂತೆ. “ಅಪಾ, ನನ್ನ ಕಾಲಕ್ಕೆ ನೀವು ಹೀಗೆ ಯಾಕೆ ಮಾಡ್ಲಿಲ್ಲ?” ಅಪಾ ತಮ್ಮ ತಟ್ಟೆಯನ್ನು ಅವಳ ಕಡೆ ಸರಿಸಿದರು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು.

ಕಾದಂಬರಿಗೆ ಹೊಸ ತೊಡಕು ಬಂದಿದೆ. ಕುನ್ಸುಲು ಹೊಸ್ತಿಲು ದಾಟಿದ ಕಂತು ಅಚ್ಚಾದ ದಿನ ನಮ್ಮ ಕಚೇರಿಯ ಫೋನಿಗೆ ಬಿಡುವಿರಲಿಲ್ಲ. ಅರ್ಧ ಜನ ಬೈದರು, ಅರ್ಧ ಜನ ಅತ್ತರು. ಆದರೆ ಮುಂದಿನ ವಾರ ಅಪಾ ಅವರಿಂದ ಏನೂ ಬರಲಿಲ್ಲ. ವಿಚಾರಿಸಲು ಹೋದಾಗ ಅವರು ಕಿಟಕಿಯ ಬಳಿ ಕೂತು ಪಟ್ಟಣಕ್ಕೆ ಫೋನ್ ಹಚ್ಚಿದ್ದರು. ಆ ಕಡೆ ಆಯ್ಪೆರಿ, ನರ್ಸಿಂಗ್ ಹಾಸ್ಟೆಲ್ಲಿನಿಂದ.

“ಅರಮನೆ ಒಳಗಿಂದು ನಂಗೆ ಎಲ್ಲಾ ಗೊತ್ತು ಕಣೇ, ಯಾವ ದೇವರು ಎಲ್ಲಿ ಕೂರ್ತಾನೆ ಅಂತ ಕಣ್ಮುಚ್ಚಿ ಹೇಳ್ತೀನಿ,” ಎನ್ನುತ್ತಿದ್ದರು ಅಪಾ. “ಆಚೇದು ಗೊತ್ತಿಲ್ಲ. ನಾನು ಬಸ್ ಹತ್ತಲೇ ಇಲ್ವಲ್ಲ. ನೀನೇ ಹೇಳು. ನಿಂಗೆ ಅಂತ ಒಂದು ಬೀಗದ ಕೈ ಕೊಟ್ಟಿದಾರಾ? ನಿಮ್ಮ ಕೋಣೆಯಲ್ಲಿ ಎಷ್ಟು ಜನ? ಬೆಳಿಗ್ಗೆ ಎದ್ದ ತಕ್ಷಣ ನಿನ್ನನ್ನ ಯಾರೂ ಏನೂ ಕೇಳಲ್ವಾ? ನಿಧಾನವಾಗಿ ಹೇಳೇ. ಕುನ್ಸುಲು ರಸ್ತೆ ಮಧ್ಯೆ ನಿಂತಿದಾಳೆ.”